ವೈಫೈ ದೃಢೀಕರಣ ವಿಫಲ: ಡಬ್ಲ್ಯುಪಿಎ ಸಪ್ಲಿಕಂಟ್ ಸಾಕೇ, ಐಡಬ್ಲ್ಯುಡಿ ಬೇಕೇ?

ಪಾಸ್‌ವರ್ಡ್ ಸರಿಯಿದ್ದರೂ ಲಿನಕ್ಸ್ ಲ್ಯಾಪ್‌ಟಾಪ್ ಮತ್ತೆ ಮತ್ತೆ ಅದನ್ನೇ ಕೇಳುತ್ತಿದೆಯೇ? ಮೊದಲು ಉಳಿಸಿಟ್ಟ ಸಂಪರ್ಕವನ್ನು ಅಳಿಸಿ ಹೊಸದಾಗಿ ಸೇರಿಸಿ. ಎಷ್ಟೋ ಸಲ ಅಷ್ಟೇ ಸಾಕು. ಸಾಲದಿದ್ದರೆ, ಪಾಸ್‌ವರ್ಡ್ ಒಪ್ಪಿಸಿ ವೈಫೈಗೆ ಸೇರಿಸುವ ಹಿನ್ನೆಲೆ ಪ್ರೋಗ್ರಾಂ ಕಡೆ ನೋಡಿ: ಲಿನಕ್ಸ್‌ನಲ್ಲಿ ಅದಕ್ಕೆ ಡಬ್ಲ್ಯುಪಿಎ ಸಪ್ಲಿಕಂಟ್, ಐಡಬ್ಲ್ಯುಡಿ ಎಂಬ ಎರಡು ಆಯ್ಕೆಗಳಿವೆ.

ಕಾಲೇಜು, ಆಫೀಸಿನ ಎಂಟರ್‌ಪ್ರೈಸ್ ವೈಫೈಗೆ (ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇರುವಂಥದ್ದು) ಸಪ್ಲಿಕಂಟೇ ಸಲೀಸು: ಯೂಸರ್‌ನೇಮ್, ಸರ್ಟಿಫಿಕೇಟ್ ಎಲ್ಲವನ್ನೂ ಲಿನಕ್ಸ್‌ನ ನೆಟ್‌ವರ್ಕ್ ಸೆಟ್ಟಿಂಗ್ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲೇ ತುಂಬಬಹುದು. ಐಡಬ್ಲ್ಯುಡಿಗಾದರೆ ರೂಟ್ (ಅಡ್ಮಿನ್) ಆಗಿ ‘/var/lib/iwd’ ಫೋಲ್ಡರಿನಲ್ಲಿ ಕೈಯಾರೆ ಫೈಲ್ ಬರೆಯಬೇಕು, ಅದು ತಲೆನೋವೇ. ಸಪ್ಲಿಕಂಟ್‌ಗೂ ಒಂದು ತೊಡಕುಂಟು: ಸಾಮಾನ್ಯವಾಗಿ ಅದು ನೆಚ್ಚಿಕೊಂಡಿರುವ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿ 3ನೇ ಆವೃತ್ತಿಗೆ ಬಂದ ಮೇಲೆ, ಟಿಎಲ್‌ಎಸ್ 1.0 ಎಂಬ ಹಳೆಯ ಸುರಕ್ಷತಾ ವಿಧಾನ ಮಾತ್ರ ಬಲ್ಲ ಹಳೆಯ ಲಾಗಿನ್ ಸರ್ವರ್‌ಗಳ ಜೊತೆ ಹ್ಯಾಂಡ್‌ಶೇಕ್ (ಸಂಪರ್ಕದ ಆರಂಭದ ಒಪ್ಪಂದ) ಮುರಿಯುತ್ತದೆ.

ಮನೆಯ ಮಾಮೂಲಿ ರೂಟರ್‌ಗಷ್ಟೇ ಆದರೆ ಐಡಬ್ಲ್ಯುಡಿ ಹಗುರ, ಮರುಸಂಪರ್ಕವೂ ಚುರುಕು. ನೆಟ್‌ವರ್ಕ್‌ಮ್ಯಾನೇಜರ್ ಸೆಟ್ಟಿಂಗ್ ಫೈಲಿನ ಡಿವೈಸ್ ವಿಭಾಗದಲ್ಲಿ ‘wifi.backend=iwd’ ಎಂದು ಬರೆದು, ಸಪ್ಲಿಕಂಟ್ ಸೇವೆಯನ್ನು ನಿಲ್ಲಿಸಿ. ಎರಡೂ ಒಟ್ಟಿಗೆ ಓಡಿದರೆ ಒಂದೇ ಕಾರ್ಡಿಗೆ ಕಿತ್ತಾಡುತ್ತವೆ.