ಅರೆನಿಗ್ ವೌರ್ ಹತ್ತುವುದೋ, ಪಿಮ್ಲಿಮನ್ ವೌರ್ ಹತ್ತುವುದೋ?

ವೇಲ್ಸ್‌ಗೆ ಹೋದವರೆಲ್ಲ ಓಡುವುದು 1,085 ಮೀಟರ್ ಎತ್ತರದ ಸ್ನೋಡನ್‌ಗೆ. ಅಲ್ಲಿ ತುದಿಯವರೆಗೆ ರೈಲೇ ಇದೆ, ಜನಜಾತ್ರೆಗೆ ಕೇಳಬೇಕೆ! ಗದ್ದಲ ಬೇಡ ಎನ್ನುವವರಿಗೆ ಒಂದೇ ದಿನದಲ್ಲಿ ಹತ್ತಿಳಿಯಬಹುದಾದ ಬೆಟ್ಟಗಳು ಇವೆರಡು.

ಮಧ್ಯ ವೇಲ್ಸಿನ ಪಿಮ್ಲಿಮನ್ 752 ಮೀಟರ್. ಹತ್ತಲು ಶುರುಮಾಡುವ ಜಾಗವಾದ, ಎ44 ರಸ್ತೆಯ ಪಕ್ಕದ ಐಸ್ತೆದ್ವ ಗಿರಿಗ್‌ನಲ್ಲೇ ನೀವು 400 ಮೀಟರ್ ಮೇಲಿರುತ್ತೀರಿ, ಹಾಗಾಗಿ ಏರು ಕಡಿಮೆ. ನೋಡಲು ಹುಲ್ಲು ಹೊದ್ದ ದುಂಡು ಗುಡ್ಡ, ಕಾಲಡಿ ಜೌಗು. ಸೆವರ್ನ್, ವೈ ನದಿಗಳೆರಡೂ ಹುಟ್ಟುವುದು ಇದೇ ಬೆಟ್ಟದ ಮೈಯಲ್ಲಿ ಎಂಬುದೇ ಇದರ ದೊಡ್ಡ ಆಕರ್ಷಣೆ.

ಅರೆನಿಗ್ 854 ಮೀಟರ್, ಬಾಲಾ ಪಟ್ಟಣದ ಪಶ್ಚಿಮಕ್ಕಿದೆ. ಇಲ್ಲಿ ಏರು ಹೆಚ್ಚು, ಬಂಡೆಯೂ ಹೆಚ್ಚು. ಪೂರ್ವದ ಮಡಿಲಲ್ಲಿ ಬೆಟ್ಟದ್ದೇ ಹೆಸರಿನ ಕೆರೆ. ದಂಡೆಯಲ್ಲಿ, ಮಳೆ ಬಂದರೆ ನುಗ್ಗಿಕೊಳ್ಳಲು ಪುಟ್ಟ ಕಲ್ಲುಮನೆ. ಚಿತ್ರಕಾರ ಜೇಮ್ಸ್ ಡಿಕ್ಸನ್ ಇನ್ನೆಸ್ 1911ರ ಸುಮಾರಿಗೆ ಈ ಬೆಟ್ಟಕ್ಕೆ ಮರುಳಾಗಿ ಮತ್ತೆ ಮತ್ತೆ ಬಿಡಿಸಿದ. ಅವನ ಹುಚ್ಚು ಮೇಲೆ ಹತ್ತಿದವರಿಗೆ ಅರ್ಥವಾಗುತ್ತದೆ. ತುದಿಯಲ್ಲೊಂದು ಸ್ಮಾರಕ ಫಲಕವಿದೆ: 1943ರ ಆಗಸ್ಟ್‌ನಲ್ಲಿ ಅಮೆರಿಕದ ಬಿ-17 ಬಾಂಬರ್ ಇಲ್ಲಿ ಅಪ್ಪಳಿಸಿ, ಒಳಗಿದ್ದ 8 ಮಂದಿಯೂ ಸತ್ತರು.

ಮಕ್ಕಳು ಜೊತೆಗಿದ್ದರೆ, ಅರ್ಧ ದಿನವಷ್ಟೇ ಇದ್ದರೆ ಪಿಮ್ಲಿಮನ್ ಸಾಕು. ಇಲ್ಲವಾದರೆ ನನ್ನ ಮತ ಅರೆನಿಗ್‌ಗೆ, ಎರಡು ಮಾತಿಲ್ಲ. ಎರಡಕ್ಕೂ ಸ್ವಂತ ವಾಹನವಿದ್ದರೆ ಅನುಕೂಲ. ಮಂಜು ಕವಿದರೆ ಎರಡರಲ್ಲೂ ದಿಕ್ಕು ತಪ್ಪುತ್ತದೆ. ನಕ್ಷೆ, ದಿಕ್ಸೂಚಿ, ನೀರಿಳಿಯದ ಬೂಟು ಬಿಡಬೇಡಿ.