ಮೈಸೂರಿನಲ್ಲಿ ಹೊತ್ತು ನೋಡಿ ತಿನ್ನಿ, ಮುಟ್ಟಿ ನೋಡಿ ಕೊಳ್ಳಿ

ಒಂದು ದಿನಕ್ಕೆಂದು ಮೈಸೂರಿಗೆ ಬಂದವರು ಬೆಳಿಗ್ಗೆ ಅರಮನೆ, ಮಧ್ಯಾಹ್ನ ಬೆಟ್ಟ ಮುಗಿಸಿ, ತಿಂಡಿ, ಊಟ, ಖರೀದಿ ಎಲ್ಲವನ್ನೂ ಸಂಜೆಗೆ ತಳ್ಳುತ್ತಾರೆ. ಅಷ್ಟೊತ್ತಿಗೆ ಮಲ್ಲಿಗೆ ಬಾಡಿರುತ್ತದೆ, ಪಲಾವ್ ಪಾತ್ರೆ ತೊಳೆದಿಟ್ಟಿರುತ್ತಾರೆ, ಸೀರೆಯ ಬಣ್ಣ ದೀಪದ ಬೆಳಕಿನಲ್ಲಿ ಬೇರೆಯೇ ಕಾಣುತ್ತದೆ. ಈ ಊರಿನಲ್ಲಿ ಒಂದೊಂದು ಪದಾರ್ಥಕ್ಕೂ ಒಂದೊಂದು ಹೊತ್ತಿದೆ. ಆ ಹೊತ್ತಿಗೆ ಹೋದರೆ ಸಾಧಾರಣ ಅಂಗಡಿಯಲ್ಲೂ ಒಳ್ಳೆಯದು ಸಿಗುತ್ತದೆ. ತಪ್ಪಿದರೆ ಹೆಸರಾದ ಅಂಗಡಿಯೂ ಕೈಕೊಡುತ್ತದೆ.

ಬೆಳಗಿನ ತಿಂಡಿಗೆ ನಜರ್‌ಬಾದ್ ಮುಖ್ಯರಸ್ತೆಯ ಮೈಲಾರಿ. ಇದೇ ರಸ್ತೆಯಲ್ಲಿ ಸ್ವಲ್ಪ ದೂರದಲ್ಲೇ ಮೈಲಾರಿ ಹೆಸರಿನ ಎರಡು ಹೋಟೆಲುಗಳಿವೆ, ಎರಡರ ಫಲಕದಲ್ಲೂ ‘ಒರಿಜಿನಲ್’ ಎಂಬ ಮಾತಿದೆ. ಯಾವುದು ನಿಜವಾದದ್ದು ಎಂಬ ಚರ್ಚೆಯಲ್ಲಿ ಬೆಳಗಿನ ಹೊತ್ತು ಕಳೆಯಬೇಡಿ. ದೋಸೆಯ ಬಗೆ ಎರಡು ಕಡೆಯೂ ಒಂದೇ, ಎಲ್ಲಿ ಜಾಗ ಬೇಗ ಸಿಗುತ್ತದೋ ಅಲ್ಲಿ ಕೂರಿ. ಒಳಗೆ ಇರುವುದೇ ಕೆಲವು ಮೇಜು. ದೋಸೆ ಗರಿಗರಿಯಲ್ಲ, ಹತ್ತಿಯಂತೆ ಮೆತ್ತಗೆ, ತಳ ಮಾತ್ರ ಹೊಂಬಣ್ಣ. ಮಸಾಲೆ ಕೇಳಿದರೆ ಆಲೂಗಡ್ಡೆ ಪಲ್ಯದ ಬದಲು ಈರುಳ್ಳಿಯ ಸಾಗು ಬರುತ್ತದೆ, ಮೇಲೊಂದು ಬೆಣ್ಣೆಯ ಉಂಡೆ, ಪಕ್ಕದಲ್ಲಿ ಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ, ಅದು ಇಲ್ಲಿನ ಪದ್ಧತಿಯಲ್ಲ. ಊರಾಚೆ ‘ಮೈಸೂರು ಮಸಾಲೆ’ ಎಂದು ಕೊಡುವ ಕೆಂಪು ಚಟ್ನಿ ಸವರಿದ ದೋಸೆಯನ್ನು ಹುಡುಕಿಕೊಂಡು ಬಂದವರಿಗೆ ಇಲ್ಲಿ ಅದೂ ಸಿಗುವುದಿಲ್ಲ. ಒಂದು ದೋಸೆ ಚಿಕ್ಕದು, ಹಸಿದವರಿಗೆ ಎರಡು ಬೇಕು. ಎರಡನ್ನೂ ಒಟ್ಟಿಗೆ ಹೇಳದೆ ಒಂದೊಂದಾಗಿ ಹೇಳಿ. ಹೆಂಚಿನಿಂದ ಇಳಿದ ಐದು ನಿಮಿಷದಲ್ಲೇ ಅದರ ಮೆತ್ತನೆಯ ಗುಣ ಹೋಗಿ ರಬ್ಬರಿನಂತಾಗುತ್ತದೆ. ಪಾರ್ಸೆಲ್ ಬೇಡವೆನ್ನುವುದೂ ಅದಕ್ಕೇ: ಪೊಟ್ಟಣದೊಳಗೆ ಹಬೆ ನೀರಾಗಿ ದೋಸೆ ತೇವಗೊಳ್ಳುತ್ತದೆ, ಬೆಣ್ಣೆ ಕಾಗದಕ್ಕೆ ಅಂಟುತ್ತದೆ. ಗರಿಗರಿ ದೋಸೆಯೇ ಬೇಕೆನ್ನುವವರು ಚಾಮುಂಡಿಪುರಂನ ಗಾಯತ್ರಿ ಟಿಫಿನ್ ರೂಮ್‌ಗೆ ಹೋಗಲಿ. ಊರಿನವರು ಅದನ್ನು ಜಿಟಿಆರ್ ಎನ್ನುತ್ತಾರೆ. ಅಲ್ಲಿ ಭಾನುವಾರ ಎಂಟೂವರೆಯ ನಂತರ ಹೋದರೆ ಕಾಯುವುದು ಖಚಿತ.

ತಿಂಡಿಯಾದ ಮೇಲೆ ನೇರವಾಗಿ ದೇವರಾಜ ಮಾರುಕಟ್ಟೆಗೆ. ಸಯ್ಯಾಜಿರಾವ್ ರಸ್ತೆಯ ಪಕ್ಕದಲ್ಲಿ ಉದ್ದಕ್ಕೆ ಮಾರುಕಟ್ಟೆ, ಅದರ ಉತ್ತರ ತುದಿಗೆ ಧನ್ವಂತರಿ ರಸ್ತೆ. 2016ರ ಆಗಸ್ಟಿನಲ್ಲಿ ಉತ್ತರ ಭಾಗದ ಒಂದಿಷ್ಟು ಕುಸಿದು ಬಿತ್ತು. ಆಗಿನಿಂದ ಕೆಡವಬೇಕೋ ಉಳಿಸಬೇಕೋ ಎಂಬ ವಾದ ನಡೆಯುತ್ತಲೇ ಬಂದಿದೆ. ಸುಣ್ಣ ಗಾರೆಯ ಕಟ್ಟಡವನ್ನು ದುರಸ್ತಿ ಮಾಡಬಲ್ಲ ಕೈಗಳು ಈ ಊರಿನಲ್ಲೇ ಇರುವಾಗ ಇದನ್ನು ಉಳಿಸಿಕೊಳ್ಳಲೇಬೇಕು. ಹೂವು, ಎಲೆ, ಬಾಳೆ, ಕುಂಕುಮ, ಬೆಲ್ಲ ಒಂದರ ಪಕ್ಕ ಒಂದು ಸಿಗುವ ಈ ಅನುಕೂಲ ಹೊಸ ಕಾಂಪ್ಲೆಕ್ಸ್ ಕಟ್ಟಿದರೆ ಬಾರದು.

ಹೂವಿನ ಸಾಲಿನಿಂದ ಶುರು ಮಾಡಿ. ಮೈಸೂರು ಮಲ್ಲಿಗೆಗೆ ಭೌಗೋಳಿಕ ಸೂಚಕದ ಮನ್ನಣೆಯಿದೆ, ಆದರೆ ಬುಟ್ಟಿಯಲ್ಲಿರುವ ಬಿಳಿ ಹೂವೆಲ್ಲ ಅದಲ್ಲ. ‘ಮೈಸೂರು ಮಲ್ಲಿಗೆ ಕೊಡಿ’ ಎಂದು ಹೆಸರು ಹೇಳಿ ಕೇಳಿ. ಮೊಗ್ಗು ಬಿಗಿಯಾಗಿ ಮುಚ್ಚಿರಬೇಕು. ಬೆಳಿಗ್ಗೆಯೇ ಬಾಯಿ ತೆರೆದ ಹೂವು ಮಧ್ಯಾಹ್ನಕ್ಕೆ ಕಂದುತ್ತದೆ, ಮುಚ್ಚಿದ ಮೊಗ್ಗು ಸಂಜೆ ಅರಳಿ ರಾತ್ರಿಯವರೆಗೆ ಘಮಘಮಿಸುತ್ತದೆ. ಅಳತೆ ಮೊಳದ್ದು: ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಮೊಳದ ಬೆಲೆ ಕಡಿಮೆಯೆಂದು ಹಿಗ್ಗಬೇಡಿ. ಹೂವು ಬಿಡಿಬಿಡಿಯಾಗಿ ಕಟ್ಟಿದ ದಂಡೆಯಲ್ಲಿ ನಾರೇ ಹೆಚ್ಚು. ದಂಡೆಯನ್ನು ಎತ್ತಿ ಹಿಡಿದಾಗ ನಡುವೆ ನಾರು ಕಾಣಬಾರದು. ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಎಸಳು ಕಪ್ಪಾಗುತ್ತದೆ. ಬಾಳೆಲೆಯಲ್ಲಿ ಸುತ್ತಿಸಿಕೊಳ್ಳಿ, ಅದು ಸಾಕು.

ವೀಳ್ಯದೆಲೆಯಲ್ಲಿ ಕೇಳಬೇಕಾದ್ದು ಮೈಸೂರು ಚಿಗುರೆಲೆ. ಬೆರಳ ನಡುವೆ ಇಟ್ಟರೆ ನಯವಾಗಿ, ತೆಳ್ಳಗೆ ಇರಬೇಕು, ಬಾಯಿಗೆ ಹಾಕಿದರೆ ಘಾಟು ಮೂಗಿಗೆ ಏರಬಾರದು. ದಪ್ಪ, ಕಡುಹಸಿರು, ಮಡಚಿದರೆ ಪಟ್ಟೆಂದು ಮುರಿಯುವ ಎಲೆ ಬೇರೆ ಕಡೆಯದು. ಕಟ್ಟಿನ ಮೇಲಿನ ನಾಲ್ಕು ಎಲೆ ನೋಡಿ ಕೊಳ್ಳುವುದು ದೊಡ್ಡ ತಪ್ಪು, ನಡುವಿನ ಎಲೆ ತೆಗೆಸಿ ನೋಡಿ. ಅಲ್ಲೊಂದು ಕೊಳೆತ ಚುಕ್ಕೆಯಿದ್ದರೆ ಎರಡೇ ದಿನದಲ್ಲಿ ಇಡೀ ಕಟ್ಟಿಗೆ ಹಬ್ಬುತ್ತದೆ.

ನಂಜನಗೂಡು ರಸಬಾಳೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸೊರಗು ರೋಗ ಬಡಿದು ಈ ತಳಿಯ ತೋಟಗಳು ಬಹಳ ಕಡಿಮೆಯಾಗಿವೆ. ಹೆಸರು ಹೇಳಿ ಮಾರುವ ಗೊನೆ ಎಷ್ಟೋ ಸಲ ಬೇರೆ ರಸಬಾಳೆ. ನಿಜವಾದದ್ದರ ಸಿಪ್ಪೆ ದಪ್ಪ, ಹಣ್ಣಾದಾಗ ಕಪ್ಪು ಚುಕ್ಕೆ ಬರುತ್ತದೆ, ಸಿಪ್ಪೆ ಸುಲಿಯುವ ಮೊದಲೇ ಪರಿಮಳ ತಾನಾಗಿ ಬರುತ್ತದೆ. ಒಂದು ಹಣ್ಣು ಕೊಂಡು ಅಲ್ಲೇ ತಿಂದು ನೋಡಿ, ಆಮೇಲೆ ಡಜನ್ ಮಾತಾಡಿ. ಸಿಗದಿದ್ದರೆ ಏಲಕ್ಕಿ ಬಾಳೆ ಕೊಳ್ಳಿ, ಅದು ಮೋಸ ಮಾಡುವುದಿಲ್ಲ. ತರಕಾರಿ ಕಡೆ ಹಸಿರು ಬಣ್ಣದ ಉದ್ದ ಈರನಗೆರೆ ಬದನೆ ಕಣ್ಣಿಗೆ ಬಿದ್ದರೆ ಬಿಡಬೇಡಿ. ವಾಂಗಿಬಾತಿಗೆ ಅದರಷ್ಟು ಹೊಂದುವುದು ಇನ್ನೊಂದಿಲ್ಲ: ಬೇಗ ಬೇಯುತ್ತದೆ, ಆದರೂ ಹೋಳು ಕರಗಿಹೋಗುವುದಿಲ್ಲ.

ಕುಂಕುಮ, ಬಣ್ಣದ ಗೋಪುರಗಳ ಮುಂದೆ ಫೋಟೊ ತೆಗೆದುಕೊಳ್ಳುವವರಿಗೆ ಒಂದು ಮಾತು: ಆ ಬಣ್ಣಗಳಲ್ಲಿ ಹೆಚ್ಚಿನವು ರಂಗೋಲಿಗೆ, ಹಣೆಗಲ್ಲ. ಹಣೆಗೆ ಬೇಕಿದ್ದರೆ ಅರಿಸಿನದಿಂದ ಮಾಡಿದ ಕುಂಕುಮವನ್ನೇ ಕೇಳಿ. ಇದೇ ಸಾಲುಗಳಲ್ಲಿ ಪುಟ್ಟ ಸೀಸೆಗಳಲ್ಲಿ ‘ಗಂಧದೆಣ್ಣೆ’ಯನ್ನು ಅಗ್ಗಕ್ಕೆ ತೋರಿಸುತ್ತಾರೆ. ಶುದ್ಧ ಶ್ರೀಗಂಧದ ಎಣ್ಣೆ ಅಗ್ಗಕ್ಕೆ ಸಿಗುವ ವಸ್ತುವೇ ಅಲ್ಲ. ನಿಜವಾದದ್ದು ಮೊದಲ ಉಸಿರಿಗೆ ಮೂಗಿಗೆ ಬಡಿಯುವುದಿಲ್ಲ, ಮೆಲ್ಲಗೆ ಏರಿ ಗಂಟೆಗಟ್ಟಲೆ ಚರ್ಮದ ಮೇಲೆ ನಿಲ್ಲುತ್ತದೆ. ಹಚ್ಚಿದ ಕ್ಷಣ ಘಮ್ಮೆಂದು ಅರ್ಧ ಗಂಟೆಯಲ್ಲಿ ಕಾಣೆಯಾಗುವುದು ಬೆರಕೆ. ಎಣ್ಣೆ, ಸಾಬೂನು ಬೇಕಿದ್ದವರು ಸರ್ಕಾರಿ ಮಳಿಗೆಯಲ್ಲಿ ಬಿಲ್ಲು ಸಮೇತ ಕೊಳ್ಳುವುದು ಒಳ್ಳೆಯದು. ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂ ಕರಕುಶಲ ನಿಗಮದ್ದು. ಬೀಟೆ ಮರದ ಮೇಲೆ ಬಣ್ಣದ ಮರದ ಚೂರುಗಳನ್ನು ಕೂರಿಸಿದ ಕುಸುರಿ ಕೆಲಸವೂ ಅಲ್ಲಿದೆ. ಅದನ್ನು ಕೊಳ್ಳುವಾಗ ಕಣ್ಣು ಮುಚ್ಚಿ ಉಗುರು ಓಡಿಸಿ, ಕೂಡಿಸಿದ ಕಡೆ ಉಗುರು ತಡೆಯಬಾರದು. ಆಟೋದವರು ‘ಸರ್ಕಾರಿ ಎಂಪೋರಿಯಂ’ ಎಂದು ಕರೆದೊಯ್ಯುವ ಜಾಗವೆಲ್ಲ ಸರ್ಕಾರದ್ದಲ್ಲ, ಅವರ ಕಮಿಷನ್ ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ.

ಮಧ್ಯಾಹ್ನದ ಊಟಕ್ಕೆ ಎರಡು ದಾರಿ. ಮಾಂಸ ತಿನ್ನುವವರು ಮಂಡಿ ಮೊಹಲ್ಲಾದ ಅಕ್ಬರ್ ರಸ್ತೆಯ ಹೋಟೆಲ್ ಹನುಮಂತುಗೆ ಹೋಗಿ ಮಟನ್ ಪಲಾವ್ ತಿನ್ನಬೇಕು. ಇದೇ ಹೆಸರಿನ ಹೋಟೆಲುಗಳು ಈಗ ಹಲವು ಕಡೆ ಇವೆ, ಅಕ್ಬರ್ ರಸ್ತೆ ಎಂದೇ ವಿಳಾಸ ಹೇಳಿ. ಬಿರಿಯಾನಿಯಂತೆ ಅನ್ನ ಬೇರೆ, ಮಾಂಸ ಬೇರೆ ಮಾಡಿ ಪದರ ಹಾಕುವ ಅಡುಗೆಯಲ್ಲ ಪಲಾವ್. ಮಾಂಸ ಬೆಂದ ಮಸಾಲೆ ನೀರಿನಲ್ಲೇ ಅಕ್ಕಿ ಬೇಯುತ್ತದೆ, ಹಾಗಾಗಿ ಒಂದೊಂದು ಅಗುಳಿಗೂ ರುಚಿ ಹತ್ತಿರುತ್ತದೆ. ಅದೇ ಕಾರಣಕ್ಕೆ ಆರಿದ ಮೇಲೆ ಕೊಬ್ಬು ಗಟ್ಟಿಯಾಗಿ ನಾಲಿಗೆಗೆ ಅಂಟುತ್ತದೆ, ಬಿಸಿಯಲ್ಲೇ ಮುಗಿಸಬೇಕು. ಒಂದು ಗಂಟೆಯೊಳಗೆ ಹೋಗಿ. ಎರಡೂವರೆಯ ಮೇಲೆ ಹೋದವರಿಗೆ ಪಾತ್ರೆಯ ತಳದ್ದು ಸಿಗುತ್ತದೆ, ಇಲ್ಲವೇ ಅದೂ ಇಲ್ಲ. ಸಸ್ಯಾಹಾರಿಗಳಿಗೆ ಗಾಂಧಿ ಚೌಕದ ಆರ್‌ಆರ್‌ಆರ್. ಆಂಧ್ರ ಶೈಲಿಯ ಬಾಳೆಲೆ ಊಟ, ಬಿಸಿ ಅನ್ನಕ್ಕೆ ಪುಡಿ, ತುಪ್ಪ ಕಲಸಿಕೊಂಡು ಶುರು ಮಾಡುವುದು ಸರಿಯಾದ ಕ್ರಮ. ಖಾರ ತಡೆಯದವರು ಪುಡಿಯನ್ನು ಅರ್ಧ ಚಮಚಕ್ಕೆ ನಿಲ್ಲಿಸಿ ತುಪ್ಪವನ್ನು ಎರಡರಷ್ಟು ಹಾಕಿಕೊಳ್ಳಿ. ಇಲ್ಲಿ ಬಿರಿಯಾನಿಯೂ ಇದೆ, ಆದ್ದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕೂರುವ ಮೊದಲು ಅಡುಗೆಮನೆಯ ವಿಚಾರ ಕೇಳಿಕೊಳ್ಳಲಿ.

ಸೀರೆಗೆ ಮಧ್ಯಾಹ್ನದ ಬಿಸಿಲೇ ಸರಿಯಾದ ಬೆಳಕು. ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು, ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಆವರಣದಲ್ಲೇ ಮಾರಾಟ ಮಳಿಗೆಯಿದೆ. ನೂಲನ್ನು ಬಿಗಿಯಾಗಿ ಹುರಿ ಹಾಕಿ ನೇಯುವುದರಿಂದ ಬಟ್ಟೆ ಮೈಮೇಲೆ ನೀರಿನಂತೆ ಇಳಿಯುತ್ತದೆ, ಕಾಂಚೀಪುರದ ಸೀರೆಯಂತೆ ಬಿಗಿದು ನಿಲ್ಲುವುದಿಲ್ಲ. ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಪ್ರತಿ ಸೀರೆಗೂ ಅದರದೇ ಸಂಕೇತ ಸಂಖ್ಯೆ, ಹೊಲೊಗ್ರಾಮ್ ಇರುತ್ತದೆ. ಇವೆರಡೂ ಇಲ್ಲದ್ದನ್ನು ‘ಮೈಸೂರು ಸಿಲ್ಕ್’ ಎಂದು ಯಾರು ಹೇಳಿದರೂ ಈ ಕಾರ್ಖಾನೆಯ ಬೆಲೆ ಕೊಡಬೇಡಿ. ಬೇಡಿಕೆಯಷ್ಟು ಸೀರೆ ತಯಾರಾಗುವುದಿಲ್ಲ, ಹಬ್ಬ ಮದುವೆಗಳ ಮುಂಚೆ ಬೆಳಿಗ್ಗೆಯೇ ಸಾಲು ನಿಲ್ಲುತ್ತದೆ. ಇದೇ ಬಣ್ಣ ಬೇಕೆಂದು ಮನಸ್ಸು ಕಟ್ಟಿಕೊಂಡು ಹೋದರೆ ಬರಿಗೈಯಲ್ಲಿ ಬರಬೇಕಾದೀತು. ಎರಡು ಮೂರು ಬಣ್ಣ ಮನಸ್ಸಿನಲ್ಲಿರಲಿ. ಸಿಕ್ಕಿದ ಸೀರೆಯನ್ನು ಬಾಗಿಲ ಬಳಿ ತಂದು ಹಗಲು ಬೆಳಕಿನಲ್ಲಿ ಪೂರ್ತಿ ಬಿಡಿಸಿ ನೋಡಿ.

ಮನೆಗೆ ಒಯ್ದ ಮೇಲೆ ಕೆಡಿಸುವುದು ಹೆಚ್ಚಾಗಿ ನಾವೇ. ಸೆಂಟನ್ನು ಜರಿಯ ಮೇಲೆ ಸಿಂಪಡಿಸಬಾರದು, ಬೆಳ್ಳಿ ಕಪ್ಪಾಗುತ್ತದೆ. ನುಸಿಗುಳಿಗೆ ಬೇಡ, ಪ್ಲಾಸ್ಟಿಕ್ ಚೀಲ ಬೇಡ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿಟ್ಟ ಸೀರೆ ಹರಿಯುವುದು ಅದೇ ಗೆರೆಯಲ್ಲಿ.

ಮೈಸೂರು ಪಾಕಿಗೆ ಸಂಜೆ ನಾಲ್ಕರ ಸುಮಾರು ದೇವರಾಜ ಮಾರುಕಟ್ಟೆಯ ಮೂಲೆಯ ಗುರು ಸ್ವೀಟ್ ಮಾರ್ಟ್. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಈ ಸಿಹಿಯನ್ನು ಮೊದಲು ಮಾಡಿದವರೆಂದು ಪ್ರಸಿದ್ಧಿ, ಅಂಗಡಿ ಅವರ ವಂಶದವರದ್ದು. ಎರಡು ಬಗೆಯ ಮೈಸೂರು ಪಾಕ್ ಊರಿನಲ್ಲಿ ಸಿಗುತ್ತದೆ, ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ. ಒಂದು ಬಾಯಲ್ಲಿಟ್ಟರೆ ಕರಗುವ ತುಪ್ಪದ ಮೆತ್ತನೆಯದು, ಇನ್ನೊಂದು ಜೇನುಗೂಡಿನಂತೆ ತೂತುತೂತಾದ ಗಟ್ಟಿಯದು. ಮೂಲವಸ್ತು ಎರಡಕ್ಕೂ ಕಡಲೆಹಿಟ್ಟು, ಸಕ್ಕರೆ, ತುಪ್ಪ ಮೂರೇ. ಮನೆಯ ಅಳತೆಗೆ ಒಂದು ಲೋಟ ಹಿಟ್ಟು, ಎರಡು ಲೋಟ ಸಕ್ಕರೆ, ಎರಡರಿಂದ ಎರಡೂವರೆ ಲೋಟ ತುಪ್ಪ. ಒಂದೆಳೆ ಪಾಕಕ್ಕೆ ಹಿಟ್ಟು ಬಿದ್ದ ಮೇಲೆ ಕಾದ ತುಪ್ಪವನ್ನು ಸೌಟು ಸೌಟಾಗಿ ಸುರಿದಾಗ ಬುರುಗು ಏಳುತ್ತದೆ, ತೂತುಗಳು ಆ ಬುರುಗಿನವೇ. ತುಂಡಿನ ನಡುವೆ ಕಾಣುವ ಕಂದು ಗೆರೆ ಸೀದದ್ದಲ್ಲ, ತಟ್ಟೆಗೆ ಸುರಿದ ಮೇಲೂ ಒಳಗಿನ ಬಿಸಿ ಹಿಟ್ಟನ್ನು ಹುರಿಯುತ್ತಿರುತ್ತದೆ. ಗಟ್ಟಿಯ ಬಗೆಯಲ್ಲಿ ಆ ಗೆರೆ ಇದ್ದರೇ ಚೆನ್ನ. ಪಾಕ ಎಳೆ ಮೀರಿದರೆ ತುಂಡು ಕಲ್ಲಾಗುತ್ತದೆ, ಹಿಟ್ಟು ಹಸಿ ಉಳಿದರೆ ಗಂಟಲು ಹಿಡಿಯುತ್ತದೆ. ಅಂಗಡಿಯಲ್ಲಿ ಐವತ್ತು ಗ್ರಾಂ ತೂಗಿಸಿ ತಿಂದು ನೋಡಿ, ಆಮೇಲೆ ಕಿಲೊ ಹೇಳಿ. ಮೆತ್ತನೆಯದನ್ನು ಫ್ರಿಜ್ಜಿನಲ್ಲಿ ಇಟ್ಟರೆ ತುಪ್ಪ ಹೆಪ್ಪುಗಟ್ಟಿ ಮೇಣ ತಿಂದ ಹಾಗಾಗುತ್ತದೆ, ಹೊರಗೇ ಇಡಿ, ವಾರದೊಳಗೆ ಮುಗಿಸಿ.

ಕಾಫಿಪುಡಿಯನ್ನು ಕಣ್ಣೆದುರು ಬೀಸುವ ಅಂಗಡಿಯಲ್ಲೇ ಕೊಳ್ಳಿ, ಕಾಲು ಕಿಲೊಗಿಂತ ಹೆಚ್ಚು ಬೇಡ. ಬೀಸಿದ ಎರಡು ವಾರಕ್ಕೆ ಪರಿಮಳ ಇಳಿಯುತ್ತದೆ. ಚಿಕೋರಿ ಶೇ. 20ಕ್ಕಿಂತ ಮೇಲಿದ್ದರೆ ಡಿಕಾಕ್ಷನ್ ಗಟ್ಟಿಯಾಗಿ ಕಾಣುತ್ತದೆ, ಕಾಫಿಯ ರುಚಿ ಮಾತ್ರ ಇರದು.

ಸಂಜೆ ಅರಮನೆಯ ದೀಪ ನೋಡಲು ಭಾನುವಾರ ಬಂದವರು ಅಲ್ಲಿಯ ಗದ್ದಲದಲ್ಲೇ ಚುರುಮುರಿ ಕೊಳ್ಳದೆ ಒಂದೆರಡು ರಸ್ತೆ ಆಚೆಯ ಗಾಡಿ ಹುಡುಕಿ. ನೋಡಬೇಕಾದ್ದು ಕಲಸುವ ಕ್ರಮ. ತುರಿದ ಕ್ಯಾರೆಟ್, ಈರುಳ್ಳಿ, ಟೊಮ್ಯಾಟೊ, ಖಾರ, ಎಣ್ಣೆ ಮೊದಲು ಬೆರೆತು, ಪುರಿ ಕೊನೆಗೆ ಬೀಳಬೇಕು, ನಿಂಬೆರಸ ಅದಕ್ಕೂ ಮೊದಲೇ ಸೇರಿರಬೇಕು. ಪುರಿಯ ಮೇಲೆ ನಿಂಬೆ ಹಿಂಡುವ ಗಾಡಿಯಲ್ಲಿ ನಾಲ್ಕನೇ ತುತ್ತಿಗೆ ಎಲ್ಲ ಮೆತ್ತಗಾಗಿರುತ್ತದೆ.

ಊರಿಗೆ ಹೊರಡುವಾಗ ಬ್ಯಾಗಿನ ಜೋಡಣೆ ನೋಡಿಕೊಳ್ಳಿ. ಸೀರೆ ತಳದಲ್ಲಿ, ಸಿಹಿಯ ಡಬ್ಬಿ ಬೇರೆ ಚೀಲದಲ್ಲಿ, ಎಲೆಯ ಕಟ್ಟು ಒದ್ದೆ ಬಟ್ಟೆಯಲ್ಲಿ. ಮಲ್ಲಿಗೆಯನ್ನು ಮಾತ್ರ ಮೈಸೂರು ಪಾಕಿನ ಪಕ್ಕದಲ್ಲಿ ಇಡಬೇಡಿ. ತುಪ್ಪ ಪರಿಮಳವನ್ನು ಹೀರಿಕೊಳ್ಳುತ್ತದೆ, ಬೆಂಗಳೂರು ಮುಟ್ಟುವಷ್ಟರಲ್ಲಿ ಸಿಹಿ ಹೂವಿನ ವಾಸನೆ ಹೊಡೆಯುತ್ತದೆ.