ಫೌಜಿಗೆ ಕಟ್ಟಿಕೊಡುವ ರೊಟ್ಟಿ: ಕೊಪ್ಪಳದ ಒಂದು ರೊಟ್ಟಿ ಕೇಂದ್ರದ ಬಗ್ಗೆ

ನಿಮ್ಮ ಮನೆಯ ಹುಡುಗ ಫೌಜಿನಲ್ಲಿದ್ದು, ರಜೆ ಮುಗಿಸಿ ಲಡಾಖ್ ಕಡೆ ಹೊರಟಿದ್ದರೆ ಗವಿಮಠದ ರಸ್ತೆ ಕಡೆ ಇರುವ ಈ ಸಣ್ಣ ರೊಟ್ಟಿ ಕೇಂದ್ರಕ್ಕೆ ಒಮ್ಮೆ ಹೋಗಿ. ಕಡಕ್ ರೊಟ್ಟಿಗೆ ಪೂರ್ತಿ ಮಾರ್ಕು ಕೊಡುತ್ತೇನೆ. ಗುರೆಳ್ಳು ಹಿಂಡಿಗೂ, ಅಂದರೆ ಚಟ್ನಿ ಪುಡಿಗೂ, ಅಷ್ಟೇ. ಪ್ಯಾಕಿಂಗ್‌ಗೆ ಮಾತ್ರ ಪಾಸ್ ಮಾರ್ಕು ಕೊಡಲೂ ಮನಸ್ಸಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಎಎಸ್‌ಸಿಯಲ್ಲಿ, ಅಂದರೆ ಸೈನ್ಯಕ್ಕೆ ರೇಷನ್ ಮುಟ್ಟಿಸುವ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಇದ್ದು ಬಂದವನು. ಈಗ ನಮ್ಮ ಅಕ್ಕನ ಮಗ ಲಡಾಖ್‌ನ ಎತ್ತರದಲ್ಲಿದ್ದಾನೆ. ಹಾಗಾಗಿ ಅವನಿಗೆ ಏನಾದರೂ ಕಟ್ಟಿಕೊಡುವಾಗ ರುಚಿಗಿಂತ ಮೊದಲು ಬೇರೆ ಲೆಕ್ಕ ನೋಡುತ್ತೇನೆ. ಎಷ್ಟು ದಿನ ಇರುತ್ತದೆ? ತೂಕ ಎಷ್ಟು? ಬಿಸಿ ಮಾಡದೆ ತಿನ್ನಬಹುದಾ? ಹಸಿವೇ ಆಗದವನಿಗೂ ಒಂದು ತುತ್ತು ತಿನ್ನೋಣ ಅನಿಸುತ್ತದಾ?

ಸೈನ್ಯದಲ್ಲಿ ಊಟ ಸಿಗುವುದಿಲ್ಲ ಅಂತ ಇದನ್ನೆಲ್ಲ ಕಳಿಸುತ್ತೇವೆ ಅಂತ ತಿಳಿಯಬೇಡಿ. ಲಂಗರ್‌ನಲ್ಲಿ, ಅಂದರೆ ಸೈನ್ಯದ ಅಡುಗೆಮನೆಯಲ್ಲಿ, ರೋಟಿ, ದಾಲ್, ಅನ್ನ, ಸಬ್ಜಿ ಹೊಟ್ಟೆ ತುಂಬ ಸಿಗುತ್ತದೆ. 9,000 ಅಡಿ ದಾಟಿದರೆ ರೇಷನ್ನಿನ ಲೆಕ್ಕವೇ ಬೇರೆ, 12,000 ಅಡಿ ದಾಟಿದರೆ ಮತ್ತೆ ಬೇರೆ, ಯಾಕೆಂದರೆ ಆ ಚಳಿಯಲ್ಲಿ ಮೈಗೆ ಬೇಕಾಗುವ ಶಕ್ತಿ ಜಾಸ್ತಿ. ಹಿಮ ಬಿದ್ದು ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೊಜಿಲಾ ದಾರಿ ಮುಚ್ಚುವ ಮೊದಲೇ, ಬೇಸಿಗೆಯಲ್ಲೇ ಲಾರಿಗಟ್ಟಲೆ ಹಿಟ್ಟು, ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ, ಡಬ್ಬಿ ಆಹಾರ, ಸೀಮೆಎಣ್ಣೆ ಎಲ್ಲವನ್ನೂ ಮೇಲೆ ಸಾಗಿಸಿ ಇಡುತ್ತಾರೆ. ಆ ಕೆಲಸ ಎಷ್ಟು ದೊಡ್ಡದು ಅನ್ನುವುದು ಮಾಡಿದವರಿಗೇ ಗೊತ್ತು.

ಒಲೆ ಹಚ್ಚಲು ಆಗದ ಕಡೆಗೆ ಪೌಚ್ ಊಟ ಇರುತ್ತದೆ. ಇದರ ಹಿಂದೆ ನಮ್ಮ ಮೈಸೂರಿನ ಕೆಲಸ ಇದೆ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಅಡಿಯಲ್ಲಿ 1961ರಲ್ಲಿ ಅಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಅಂದರೆ ಡಿಎಫ್‌ಆರ್‌ಎಲ್, ಪುಲಾವ್, ದಾಲ್, ಹಲ್ವಾ ಎಲ್ಲವನ್ನೂ ಪೌಚಿನಲ್ಲಿ ಕೆಡದಂತೆ ಇಡುವ ವಿಧಾನ ರೂಢಿಸಿತು. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳ ಪೌಚಿನಲ್ಲಿ ಊಟ ತುಂಬಿ, ಸೀಲ್ ಮಾಡಿ, ಒತ್ತಡದಲ್ಲಿ 121 ಡಿಗ್ರಿ ಸುತ್ತಮುತ್ತ ಕಾಯಿಸುತ್ತಾರೆ. ಫ್ರಿಜ್ ಇಲ್ಲದೆ ಒಂದು ವರ್ಷದವರೆಗೂ ಇರುತ್ತದೆ. ತಿಂಗಳುಗಟ್ಟಲೆ ಕೆಡದ ಚಪಾತಿಯನ್ನೂ ಅವರೇ ಮಾಡಿದರು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಜೊತೆಗೆ ಹೋದ ನಮ್ಮ ದೇಶದ ಊಟವೂ ಅಲ್ಲಿಯದೇ.

ಇಷ್ಟೆಲ್ಲ ಇದ್ದೂ ಅಲ್ಲಿ ತೊಂದರೆ ಆಗುವುದು ನಾಲಿಗೆಗೆ. ಎತ್ತರಕ್ಕೆ ಹೋದರೆ ಹಸಿವು ಸತ್ತುಹೋಗುತ್ತದೆ. ಗಾಳಿ ತೆಳು, ತಲೆನೋವು, ನಿದ್ದೆ ಇಲ್ಲ. 15,000 ಅಡಿಯಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯುವ ಮಾತೇ ಇಲ್ಲ. ಮೊಟ್ಟೆ, ಹಣ್ಣು ಹೆಪ್ಪುಗಟ್ಟಿ ಕಲ್ಲಾಗುತ್ತವೆ. ಅದೇ ಡಬ್ಬಿ, ಅದೇ ಪೌಚು ದಿನಾ ಕಣ್ಣಿಗೆ ಬಿದ್ದರೆ ಹುಡುಗರು ಅರ್ಧ ತಿಂದು ಎದ್ದುಬಿಡುತ್ತಾರೆ, ಆ ಮೇಲೆ ತೂಕ ಇಳಿಯುವುದು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಅಲ್ಲಿ ಒಂದು ಚಮಚ ಖಾರದ ಹಿಂಡಿ ಮಾಡುವ ಕೆಲಸವನ್ನು ಚಾಕ್ಲೆಟ್ ಮಾಡುವುದಿಲ್ಲ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ, ಕಣ್ಣಾರೆ ಕಂಡಿದ್ದೇನೆ.

ಈಗ ಕೇಂದ್ರದ ವಿಷಯ. ಹೆಣ್ಣುಮಕ್ಕಳೇ ನಡೆಸುತ್ತಾರೆ. ಹಿಂಗಾರಿ ಬಿಳಿಜೋಳದ ಹಿಟ್ಟು, ಕೈಯಲ್ಲೇ ಬಡಿದ ರೊಟ್ಟಿ. ಹಂಚಿನ ಮೇಲೆ ಸುಟ್ಟು, ಆಮೇಲೆ ಒಲೆಯ ಮಗ್ಗುಲಿಗೆ ಒರಗಿಸಿ ತೇವ ಹೋಗುವ ತನಕ ಬಿಡುತ್ತಾರೆ. ಒಂದನ್ನು ಮುರಿದು ನೋಡಿ, ಅಂಚಿನಿಂದ ನಡುವಿನ ತನಕ ಒಂದೇ ತೆಳು. ನಡು ದಪ್ಪ ಉಳಿದರೆ ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ, ಬೇರೆ ಕಡೆ ತಂದದ್ದರಲ್ಲಿ ಹಾಗಾಗಿತ್ತು. ಇಲ್ಲಿಯದು ಲಡಾಖ್‌ನಲ್ಲಿ ಕೊನೆಯ ರೊಟ್ಟಿಯ ತನಕ ಕಟುಂ ಅಂತಲೇ ಇತ್ತಂತೆ. ಅಲ್ಲಿನ ಒಣ ಹವೆಯೂ ಅದಕ್ಕೆ ಸಹಾಯ. ಮೆತ್ತಗಾಗುವುದಿದ್ದರೆ ಮಳೆಗಾಲದಲ್ಲಿ ನಮ್ಮ ಊರಲ್ಲೇ, ಇಲ್ಲವೇ ರೈಲಿನಲ್ಲಿ.

ನನಗೆ ಮೆಚ್ಚುಗೆಯಾದದ್ದು ಅವರು ಕೇಳುವ ಪ್ರಶ್ನೆ. ಆರ್ಡರ್ ಕೊಡುವಾಗಲೇ ಆ ತಾಯಿ, "ಯಣ್ಣಾ, ಎಷ್ಟ್ ದಿನ ಇಡೋರದೀರಿ? ಬಾಳ ದಿನಕ್ಕಾದ್ರ ಶೇಂಗಾದ್ದು ಕಮ್ಮಿ ತಗೋರಿ" ಅಂದರು. ಸರಿಯಾದ ಮಾತು. ಶೇಂಗಾ ಹಿಂಡಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಕೆಲವು ವಾರಕ್ಕೆ ಕಮಟು ವಾಸನೆ ಬರುತ್ತದೆ. ತಮ್ಮ ವ್ಯಾಪಾರ ಕಡಿಮೆಯಾದರೂ ಪರವಾಗಿಲ್ಲ ಅಂತ ಹೇಳುವ ಅಂಗಡಿಯವರು ಎಷ್ಟು ಮಂದಿ ಸಿಗುತ್ತಾರೆ? ಗುರೆಳ್ಳಿನದು ಹದವಾಗಿ ಹುರಿದಿದ್ದು, ಬೆಳ್ಳುಳ್ಳಿ ಹಿತವಾಗಿದೆ, ಕಹಿ ಇಲ್ಲ. ಬಿಸಿ ಅನ್ನಕ್ಕೆ ಕಲಸಿದರೆ ಸಾಕು. ಅಗಸಿ ಹಿಂಡಿ ಸಾಧಾರಣ, ಉಪ್ಪು ಸ್ವಲ್ಪ ಮುಂದಾಗಿದೆ. ಶಂಕರಪಾಳಿ ಗಟ್ಟಿ, ಆದರೆ ಪೆಟ್ರೋಲಿಂಗ್‌ಗೆ ಜೇಬಿನಲ್ಲಿ ಹಾಕಿಕೊಂಡು ಹೋಗಲು ಗಟ್ಟಿಯೇ ಬೇಕು. ಉತ್ತರದ ಜವಾನರಿಗೂ ಶಕ್ಕರ್‌ಪಾರೆ ಅಂದರೆ ಪ್ರಾಣ, ಅದಕ್ಕೇ ಇದನ್ನು ಜಾಸ್ತಿ ಕಳಿಸಿ, ಹಂಚಿಕೊಳ್ಳದೆ ತಿನ್ನಲು ಅಲ್ಲಿ ಆಗುವುದಿಲ್ಲ. ಮಾದಲಿ, ಅಂದರೆ ಗೋಧಿ ಬೆಲ್ಲದ ಸಿಹಿ ಪುಡಿ, ತುಂಬ ಚೆನ್ನಾಗಿದೆ. ಹಾಲಿನ ಪುಡಿ ಬಿಸಿನೀರಿಗೆ ಹಾಕಿ ಅದರ ಮೇಲೆ ಸುರಿದರೆ ಹೊಟ್ಟೆ ತುಂಬುವ ತಿಂಡಿ.

2023ರಲ್ಲಿ ಸೈನ್ಯ ಅರ್ಧ ಶತಮಾನದ ನಂತರ ಮತ್ತೆ ಜೋಳ, ಸಜ್ಜೆ, ರಾಗಿ ಹಿಟ್ಟನ್ನು ರೇಷನ್ನಿಗೆ ತಂದಿತು. ಅಕ್ಕಿ ಮತ್ತು ಗೋಧಿ ಹಿಟ್ಟಿನ ಪಾಲಿನಲ್ಲಿ 25% ಮೀರದಂತೆ. ಕೇಳಿ ಬಹಳ ಖುಷಿಯಾಯಿತು. ಆದರೆ ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲ, ಬಿಸಿನೀರಲ್ಲಿ ನಾದಿ ಕೈಯಲ್ಲಿ ಬಡಿಯಬೇಕು. ಗೋಧಿ ರೋಟಿ ಲಟ್ಟಿಸಿ ರೂಢಿಯಾದ ಲಂಗರ್ ಕುಕ್‌ಗೆ ಆ ಕೈ ಎಲ್ಲಿಂದ ಬರಬೇಕು? ಹಿಟ್ಟಿನ ಬದಲು ಇಂಥ ಕಡಕ್ ರೊಟ್ಟಿಯನ್ನೇ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಸಂಘಗಳಿಂದ ಕೊಂಡರೆ ಏನು? ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್‌ಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಬರುವುದನ್ನು ನೋಡಿದವರು ಇದು ಆಗದ ಕೆಲಸ ಅನ್ನುವುದಿಲ್ಲ. ಮೊದಲೇ ಮಾಡಿ ಒಣಗಿಸಿ, ಜೋಡಿಸಿ, ದೂರ ಸಾಗಿಸಿ, ಅಷ್ಟು ಜನಕ್ಕೆ ಬಡಿಸುವುದು ಇಲ್ಲಿಯವರಿಗೆ ಹೊಸದಲ್ಲ.

ಇನ್ನು ಪ್ಯಾಕಿಂಗ್. ಇದು ನಿಜಕ್ಕೂ ಬೇಜಾರು. ತೆಳು ಪ್ಲಾಸ್ಟಿಕ್ ಕವರ್, ಮೇಲೊಂದು ರಬ್ಬರ್ ಬ್ಯಾಂಡ್. ಮಾಡಿದ ತಾರೀಖು ಬರೆದಿರುವುದಿಲ್ಲ. ಗುಂತಕಲ್‌ಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದೆಹಲಿ, ಅಲ್ಲಿಂದ ಚಂಡೀಗಢದ ಟ್ರಾನ್ಸಿಟ್ ಕ್ಯಾಂಪ್, ಆಮೇಲೆ ವಿಮಾನ, ಆಮೇಲೆ ಲಾರಿ. ಇಷ್ಟು ದಾರಿಯಲ್ಲಿ ಮೊದಲ ಸಲ ಅರ್ಧ ರೊಟ್ಟಿ ಪುಡಿಯಾಗಿ ಹೋಯಿತು. ರಂಜಕದ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿಯ, ಬಾಟಲಿ ಮುಚ್ಚಳ ಸೋರಿ ಯೂನಿಫಾರ್ಮ್‌ಗೆ ಎಣ್ಣೆ ಹತ್ತಿತು. ಹೇಳಿದಾಗ ಅವರು ಬೇಸರ ಮಾಡಿಕೊಳ್ಳದೆ ಕೇಳಿದರು, ಆದರೆ ಮುಂದಿನ ಸಲವೂ ಕವರ್ ಅದೇ. ರೊಟ್ಟಿ ಒಂದಕ್ಕೆ 10 ರೂಪಾಯಿ ತೆಗೆದುಕೊಳ್ಳುತ್ತಾರೆ, ಇನ್ನೊಂದು ರೂಪಾಯಿ ಜಾಸ್ತಿ ತಗೊಂಡು ರಟ್ಟಿನ ಡಬ್ಬಿ ಕೊಡಲಿ, ಯಾರೂ ಬೇಡ ಅನ್ನುವುದಿಲ್ಲ.

ಅಲ್ಲಿಯ ತನಕ ನೀವೇ ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗಿ, ರೊಟ್ಟಿಯ ಅಳತೆಗೆ ಸರಿಯಾಗಿರಲಿ, ಒಳಗೆ ಅಲುಗಾಡಬಾರದು. ರಂಜಕ ಬೇಡವೇ ಬೇಡ. ಹಿಂಡಿಯನ್ನು ಒಂದೇ ದೊಡ್ಡ ಕವರ್‌ಗೆ ಹಾಕಿಸದೆ ಸಣ್ಣ ಸಣ್ಣ ಪೊಟ್ಟಣ ಮಾಡಿಸಿ, ಒಂದು ತೆರೆದರೆ ಉಳಿದದ್ದು ಕೆಡುವುದಿಲ್ಲ. ತಾರೀಖು ನೀವೇ ಪೆನ್ನಿನಲ್ಲಿ ಬರೆದುಬಿಡಿ. ರೊಟ್ಟಿ ಹೋದ ಕೂಡಲೇ ಸಿಗುತ್ತದೆ, ಮಾದಲಿಗೆ ಮಾತ್ರ ಎರಡು ದಿನ ಮುಂಚೆ ಹೇಳಬೇಕು. ಜಾತ್ರೆಯ ಹೊತ್ತಿನಲ್ಲಿ ಹೊರಗಿನ ಆರ್ಡರ್ ತೆಗೆದುಕೊಳ್ಳುವುದಿಲ್ಲ, ಆಗ ರಜೆ ಮುಗಿಯುವವರು ಮೊದಲೇ ಮಾಡಿಸಿ ಇಟ್ಟುಕೊಳ್ಳಿ.